ಸುರುಳಿ ಸುತ್ತುವಾಗ ತಂತಿಯ ಬಿಗುವು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನ ಗೋಷ್ಠಿಯಲ್ಲಿ ಕನ್ನಡ ಎಂ.ಎ. ಓದಿದವಳೊಬ್ಬಳು ಭಾಷಣ ಮಾಡಲು ನಿಂತಿರುವುದಕ್ಕೆ ಮೊದಲು ನಿಮ್ಮ ಕ್ಷಮೆ ಕೋರುತ್ತೇನೆ. ಇದರ ಹೊಣೆ ನಮ್ಮ ವಿಜ್ಞಾನ ಶಿಕ್ಷಕರದು. ಪ್ರಯೋಗಾಲಯದ ಮೂಲೆಯಲ್ಲಿ ನಾನೂ ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರೂ ಹೊಲಿಗೆ ಯಂತ್ರದ ಮೋಟರೊಂದರ ಮುಂದೆ ಕುಳಿತು, ಕಂಡೂ ಕಾಣದಂತಹ ತಂತಿಯನ್ನು ಸುತ್ತುತ್ತಿದ್ದುದನ್ನು ಅವರು ನೋಡಿಬಿಟ್ಟರು. ನೋಡಿದವರು ಸುಮ್ಮನಿರದೆ, ಗೋಷ್ಠಿಯ ಪಟ್ಟಿಯಲ್ಲಿ ನನ್ನ ಹೆಸರನ್ನು ಬರೆದರು. ಆದುದರಿಂದ ಇಂದು ನಾನು ವ್ಯಾಕರಣವನ್ನು ಬದಿಗಿಟ್ಟು, ಗಿಟಾರಿನ ಪಿಕಪ್ ಎಂಬ ಸಣ್ಣ ಸಾಧನದ ಸುರುಳಿಯನ್ನು ಕುರಿತು, ಅದರಲ್ಲಿಯೂ ಆ ಸುರುಳಿಯನ್ನು ಸುತ್ತುವಾಗ ತಂತಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬ ಒಂದೇ ಪ್ರಶ್ನೆಯನ್ನು ಕುರಿತು ಮಾತನಾಡುತ್ತೇನೆ. ಮಾತು ನಡುನಡುವೆ ನನ್ನ ತವರೂರಿಗೆ ಹೋಗಿಬರುತ್ತದೆ. ಅಲ್ಲಿಗೆ ಹೋಗದೆ ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ.

ನನ್ನ ತವರು ತಮಿಳುನಾಡಿನ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿ. ನಾನು ಹುಟ್ಟಿದಾಗ ಅದು ಮದುರೈ ಜಿಲ್ಲೆಯಲ್ಲಿತ್ತು. 1996ರಲ್ಲಿ ಥೇಣಿ ಜಿಲ್ಲೆಯಾಯಿತು. ಆ ಕಣಿವೆಯ ಅನೇಕ ಒಕ್ಕಲಿಗ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಆದರೆ ಅದು ಬಾಯಿಯ ಕನ್ನಡ. ಓದು, ಬರಹ, ಲೆಕ್ಕ, ದೇವಸ್ಥಾನದ ಕರಪತ್ರ ಎಲ್ಲವೂ ತಮಿಳು. ನನ್ನ ತಂದೆ ಬದುಕಿನುದ್ದಕ್ಕೂ ಕನ್ನಡದಲ್ಲಿ ಬೈದರು, ಕನ್ನಡದಲ್ಲಿ ಮುದ್ದಿಸಿದರು, ತಮಿಳಿನಲ್ಲಿ ಸಹಿ ಹಾಕಿದರು. ಹತ್ತನೆಯ ವಯಸ್ಸಿನಲ್ಲಿ ಸೋದರತ್ತೆಯ ಮನೆಗೆಂದು ಕರ್ನಾಟಕಕ್ಕೆ ಬಂದ ಮೇಲೆಯೇ ನಾನು ‘ಅ’ ಬರೆಯಲು ಕಲಿತದ್ದು. ಆಡುವ ಮಾತಿಗೂ ಒಂದು ಅಕ್ಷರವಿದೆ ಎಂದು ತಿಳಿದಾಗ ಆದ ಆಶ್ಚರ್ಯ ಇನ್ನೂ ಪೂರ್ತಿ ಆರಿಲ್ಲ.

ಕಂಬಂ ಕಣಿವೆ ನೀರಿನಿಂದ ಬದುಕುವ ನಾಡು. 1895ರಲ್ಲಿ ಸಿದ್ಧವಾದ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಬೆಟ್ಟ ದಾಟಿ, ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ ಕೊಟ್ಟು, ಕೆಳಗಿನ ಗದ್ದೆಗಳಿಗೆ ಹರಿಯುತ್ತದೆ. ಕಾಲುವೆ ಮುಟ್ಟದ ಕಡೆ ಬಾವಿ, ಬಾವಿಯ ಮೇಲೆ ಪಂಪು. ದ್ರಾಕ್ಷಿ ತೋಟಗಳಿಗಂತೂ ಪಂಪಿಲ್ಲದೆ ನಡೆಯದು. ನನ್ನ ತಂದೆ ಆ ಪಂಪುಗಳ ಸುಟ್ಟ ಮೋಟರುಗಳಿಗೆ ಮತ್ತೆ ತಂತಿ ಸುತ್ತಿ ಕೊಡುವ ಕೆಲಸ ಮಾಡುತ್ತಿದ್ದರು. ರಸ್ತೆಯ ಬದಿಗೆ ಒಂದೇ ಕೋಣೆಯ ಅಂಗಡಿ; ಒಳಗೆ ವಾರ್ನಿಷ್ ವಾಸನೆ; ಗೋಡೆಗೆ ಒರಗಿಸಿದ ಮರದ ಅಚ್ಚುಗಳು; ನಡುವೆ ಕೈಯಿಂದ ತಿರುಗಿಸುವ ಸುತ್ತುಯಂತ್ರ. ಎಡಗೈಯಲ್ಲಿ ಬಟ್ಟೆಯ ತುಂಡೊಂದನ್ನು ಮಡಿಚಿ, ಅದರ ನಡುವೆ ತಂತಿಯನ್ನು ಹಾಯಿಸಿ ಹಿಡಿದು, ಬಲಗೈಯಿಂದ ಹಿಡಿಕೆ ತಿರುಗಿಸುವುದು ಅವರ ಕ್ರಮ. ನಾನು ಪಕ್ಕದಲ್ಲಿ ಕುಳಿತು ಸುತ್ತುಗಳನ್ನು ಗಟ್ಟಿಯಾಗಿ ಎಣಿಸಬೇಕು. ನಾನು ಕಲಿತ ಮೊದಲ ಗಣಿತ ಅದೇ.

ಈಗ ಗಿಟಾರಿಗೆ ಬರೋಣ. ವಿದ್ಯುತ್ ಗಿಟಾರಿನ ಒಡಲು ಬಹುಮಟ್ಟಿಗೆ ಗಟ್ಟಿ ಮರ. ವೀಣೆಯ ಕೊಡದಂತೆ ಅದು ನಾದವನ್ನು ಹಿಗ್ಗಿಸುವುದಿಲ್ಲ. ಉಕ್ಕಿನ ತಂತಿಗಳ ಕೆಳಗೆ ಆರು ಸಣ್ಣ ಆಯಸ್ಕಾಂತಗಳು ನಿಂತಿರುತ್ತವೆ. ಅವುಗಳ ಸುತ್ತ ತಾಮ್ರದ ತಂತಿಯ ಒಂದು ಸುರುಳಿ. ಆಯಸ್ಕಾಂತದ ಸಾಮೀಪ್ಯದಲ್ಲಿ ಉಕ್ಕಿನ ತಂತಿಯೂ ಕಾಂತವಾಗುತ್ತದೆ. ಅದನ್ನು ಮೀಟಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಅದೇ ಲಯದಲ್ಲಿ ಏರಿಳಿಯುತ್ತದೆ. ಏರಿಳಿದಂತೆಲ್ಲ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರ ಆಗಸ್ಟಿನಲ್ಲಿ ಮೈಕೇಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ತಂತಿ ಸುತ್ತಿ ಕಂಡುಕೊಂಡ ತತ್ತ್ವವೇ ಇದು. ಆ ಕಾಲದಲ್ಲಿ ಎನಾಮೆಲ್ ಲೇಪದ ತಂತಿ ಇರಲಿಲ್ಲ. ಸುತ್ತಿಗೂ ಸುತ್ತಿಗೂ ತಾಗದಂತೆ ಆತ ನಡುವೆ ಹುರಿಯನ್ನೂ ಹತ್ತಿಯ ಬಟ್ಟೆಯನ್ನೂ ಸೇರಿಸಿ ಸುತ್ತಿದ. ಜಗತ್ತಿನ ವಿದ್ಯುತ್ತೆಲ್ಲ ಇಂತಹ ಒಂದು ಕೈಸುತ್ತಿನ ಸುರುಳಿಯಿಂದ ಹೊರಟದ್ದು ಎನ್ನುವುದನ್ನು ನಮ್ಮ ಪಠ್ಯಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಒಂದು ಸುತ್ತಿನಲ್ಲಿ ಹುಟ್ಟುವ ವಿದ್ಯುತ್ತು ತೀರ ಅಲ್ಪ. ಆದ್ದರಿಂದ ಸಾವಿರಾರು ಸುತ್ತು ಬೇಕು. ಅಷ್ಟು ಸುತ್ತುಗಳು ಬೆರಳುದ್ದದ ಜಾಗದಲ್ಲಿ ಹಿಡಿಯಬೇಕಾದರೆ ತಂತಿ ಕೂದಲಿನಷ್ಟು ಸಣ್ಣದಿರಬೇಕು. ಸಾಮಾನ್ಯವಾಗಿ ಬಳಸುವುದು ಅಮೆರಿಕನ್ ಅಳತೆಯ 42ನೆಯ ಗೇಜಿನ ತಂತಿ. ಅದರ ತಾಮ್ರದ ವ್ಯಾಸ 0.063 ಮಿಲಿಮೀಟರ್. ಹೆಸರಾಂತ ಗಿಟಾರುಗಳ ಒಂದು ಸುರುಳಿಯಲ್ಲಿ ಹೆಚ್ಚುಕಡಿಮೆ 8000 ಸುತ್ತುಗಳಿರುತ್ತವೆ. ಒಂದು ಸುತ್ತಿಗೆ ಸರಾಸರಿ 14 ಸೆಂಟಿಮೀಟರ್ ಎಂದರೂ ಒಟ್ಟು ತಂತಿ ಒಂದು ಕಿಲೋಮೀಟರಿಗಿಂತ ಉದ್ದ. ತಾಮ್ರದ ತೂಕ ಮಾತ್ರ 30 ಗ್ರಾಂ ಆಸುಪಾಸು. ಒಂದು ಹಿಡಿ ಕಡಲೆಯಷ್ಟು ತೂಗುವ, ಕಿಲೋಮೀಟರ್ ಉದ್ದದ ಈ ಎಳೆಯನ್ನು ಎಲ್ಲಿಯೂ ಕಡಿಯದಂತೆ, ಎಲ್ಲಿಯೂ ಸಡಿಲವಾಗದಂತೆ ಒಂದೇ ಬಿಗುವಿನಲ್ಲಿ ಸುತ್ತಬೇಕು.

ಬಿಗುವು ಹೆಚ್ಚಾದರೆ ಏನಾಗುತ್ತದೆ? ಎಲ್ಲರೂ ಹೇಳುವ ಉತ್ತರ: ತಂತಿ ಕಡಿಯುತ್ತದೆ. ಆ ಉತ್ತರ ಸರಿ, ಆದರೆ ಅಪೂರ್ಣ. ಮೆದುಗೊಳಿಸಿದ ತಾಮ್ರದ ಬಲವನ್ನು ಹಿಡಿದು ಲೆಕ್ಕ ಹಾಕಿದರೆ, ಈ ತಂತಿ ಸುಮಾರು 70 ಗ್ರಾಂ ತೂಕ ತೂಗಿಬಿಟ್ಟಾಗ ಕಡಿಯುತ್ತದೆ. ಆದರೆ 20-25 ಗ್ರಾಂ ದಾಟುತ್ತಿದ್ದಂತೆಯೇ ಅದು ಹಿಗ್ಗಲು ತೊಡಗುತ್ತದೆ; ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಹಿಗ್ಗಿದ ತಂತಿ ಸಣ್ಣದಾಗುತ್ತದೆ. ನೂರಕ್ಕೆ 2ರಷ್ಟು ಹಿಗ್ಗಿದರೆ ಅಡ್ಡಕೊಯ್ತದ ವಿಸ್ತೀರ್ಣವೂ ಅಷ್ಟೇ ತಗ್ಗಿ, ಅದೇ 8000 ಸುತ್ತುಗಳ ಸುರುಳಿಯ ರೋಧ 6000 ಓಮ್ ಇರಬೇಕಾದದ್ದು 6120 ಓಮ್ ಆಗುತ್ತದೆ. ಮೇಲಿನ ಎನಾಮೆಲ್ ಲೇಪ ಕೂದಲೆಳೆಯಷ್ಟು ಸೀಳಿದರೂ ಒಳಗೆ ಸುತ್ತಿಗೆ ಸುತ್ತು ತಾಗಿ ಧ್ವನಿ ಕುಂದುತ್ತದೆ. ಬಿಗಿಯಾದ ಸಾವಿರಾರು ಸುತ್ತುಗಳ ಒತ್ತಡಕ್ಕೆ ಬಾಬಿನ್ನಿನ ಮೇಲಿನ ಮತ್ತು ಕೆಳಗಿನ ಹಲಗೆಗಳು ಹೊರಕ್ಕೆ ಬಾಗುವುದೂ ಉಂಟು.

ಸಡಿಲವಾದರೆ? ಸುರುಳಿ ಉಬ್ಬಿ, 8000 ಸುತ್ತು ಹಿಡಿಯಬೇಕಾದಲ್ಲಿ 7000ಕ್ಕೇ ಬಾಬಿನ್ ತುಂಬುತ್ತದೆ. ಅದಕ್ಕಿಂತ ದೊಡ್ಡ ದೋಷ, ಸಡಿಲ ಸುತ್ತುಗಳು ಆಯಸ್ಕಾಂತದ ಪಕ್ಕದಲ್ಲಿ ತಾವೇ ನಡುಗುತ್ತವೆ. ಧ್ವನಿವರ್ಧಕದ ಸದ್ದು ಅವುಗಳನ್ನು ನಡುಗಿಸುತ್ತದೆ, ನಡುಕ ವಿದ್ಯುತ್ತಾಗುತ್ತದೆ, ವಿದ್ಯುತ್ತು ಮತ್ತೆ ಧ್ವನಿವರ್ಧಕಕ್ಕೆ ಹೋಗಿ ಇನ್ನಷ್ಟು ಸದ್ದಾಗುತ್ತದೆ. ಗಿಟಾರು ತನ್ನಷ್ಟಕ್ಕೇ ಚೀರತೊಡಗುತ್ತದೆ. ನಮ್ಮ ಶಾಲಾ ವಾರ್ಷಿಕೋತ್ಸವದ ಮೈಕು ಪ್ರತಿವರ್ಷ ಮಾಡುವ ಅದೇ ಚೀರಾಟ. ಇದನ್ನು ತಡೆಯಲೆಂದು ಸುತ್ತಿದ ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆಯುವ ಪದ್ಧತಿಯಿದೆ. ಮೇಣ ಸಣ್ಣಪುಟ್ಟ ಸಡಿಲವನ್ನು ಮುಚ್ಚುತ್ತದೆ. ಕೆಟ್ಟ ಸುತ್ತನ್ನು ಒಳ್ಳೆಯದಾಗಿಸುವುದಿಲ್ಲ.

ವೀಣೆಯ ಬಿರಡೆ ತಿರುಗಿಸುವವರಿಗೆ ತಂತಿಯ ಬಿಗುವನ್ನು ಕಿವಿ ಹೇಳುತ್ತದೆ. ಹಗ್ಗ ಎಳೆಯುವವರಿಗೆ ತೋಳು ಹೇಳುತ್ತದೆ. 20 ಗ್ರಾಂ ಎಳೆತವನ್ನು ಹೇಳಬಲ್ಲದ್ದು ಬೆರಳ ತುದಿ ಮಾತ್ರ.

ಈ ಬೆರಳ ತುದಿಯ ವಿದ್ಯೆಯನ್ನು ದೊಡ್ಡ ಕಾರ್ಖಾನೆಗಳೂ ನಂಬಿದ್ದವು. ಅಮೆರಿಕದಲ್ಲಿ ಜಾರ್ಜ್ ಬೋಶಾಂ ರೂಪಿಸಿದ ವಿದ್ಯುತ್ ಗಿಟಾರಿಗೆ 1937ರಲ್ಲಿ ಪೇಟೆಂಟ್ ದೊರೆಯಿತು. 1950ರ ದಶಕದಲ್ಲಿ ಲಿಯೊ ಫೆಂಡರ್ ಗಟ್ಟಿ ಮರದ ಗಿಟಾರುಗಳನ್ನು ಬಹುಸಂಖ್ಯೆಯಲ್ಲಿ ತಯಾರಿಸಿದ. ಕ್ಯಾಲಿಫೋರ್ನಿಯಾದ ಆ ಕಾರ್ಖಾನೆಗೆ 1956ರಲ್ಲಿ ಅಬಿಗೇಲ್ ಇಬಾರಾ ಎಂಬ ಹೆಣ್ಣುಮಗಳು ಕೆಲಸಕ್ಕೆ ಸೇರಿದಳು. ಬಾಬಿನ್ನನ್ನು ಯಂತ್ರ ತಿರುಗಿಸುತ್ತಿತ್ತು. ತಂತಿಯನ್ನು ಬೆರಳುಗಳ ನಡುವೆ ಹಿಡಿದು ಆಚೀಚೆ ನಡೆಸುತ್ತಿದ್ದವಳು ಆಕೆ. ನಿವೃತ್ತಳಾದದ್ದು 2013ರಲ್ಲಿ. ಆಕೆ ಸುತ್ತಿದ ಸುರುಳಿಗಳನ್ನು ಸಂಗೀತಗಾರರು ಹುಡುಕಿಕೊಂಡು ಹೋಗುತ್ತಾರೆ. ಗಿಟಾರು ನುಡಿಸಿದವರ ಹೆಸರುಗಳು ಲೋಕಕ್ಕೆ ಗೊತ್ತು. ಸುರುಳಿ ಸುತ್ತಿದ ಹೆಂಗಸರ ಹೆಸರುಗಳಲ್ಲಿ ಹೊರಗೆ ಬಂದದ್ದು ಇಂತಹ ಒಂದೋ ಎರಡೋ. ನೇಯ್ಗೆಯ ಊರುಗಳಲ್ಲಿ ನೂಲು ಸುತ್ತಿದವರ ಕತೆಯೂ ಹೀಗೆಯೇ. ನಮ್ಮ ಪಕ್ಕದ ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯ ಸುಂಗುಡಿ ಸೀರೆಯ ಹೆಸರನ್ನು ನೀವು ಕೇಳಿರಬಹುದು. ಆ ಸೀರೆಯ ನೂಲನ್ನು ಸುತ್ತಿದ ಕೈ ಯಾರದೆಂದು ಸೀರೆ ಕೊಂಡವರು ಕೇಳುವುದಿಲ್ಲ.

ಇನ್ನು ನನ್ನ ತಂದೆಯ ಅಂಗಡಿಗೆ ಹಿಂದಿರುಗುತ್ತೇನೆ. ಅವರದೊಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಬಂದ ಪ್ರತಿ ಮೋಟರಿನ ಅಶ್ವಶಕ್ತಿ, ಗಾಡಿಗಳ ಸಂಖ್ಯೆ, ಒಂದೊಂದು ಸುರುಳಿಯ ಸುತ್ತು, ತಂತಿಯ ಗೇಜು, ಹಿಡಿದ ತಾಮ್ರದ ತೂಕ ಎಲ್ಲವನ್ನೂ ತಮಿಳಿನಲ್ಲಿ, ಮುತ್ತು ಪೋಣಿಸಿದಂತೆ ಬರೆದಿಟ್ಟಿದ್ದರು. ನಲವತ್ತು ವರ್ಷಗಳ ಲೆಕ್ಕ. ಅದರಲ್ಲಿ ಬಿಗುವಿಗೆಂದು ಒಂದು ಅಂಕಣವಿರಲಿಲ್ಲ. ಇರಬೇಕೆಂದು ಅವರಿಗೆ ತೋರಿಯೂ ಇರಲಿಲ್ಲ. ಕೈ ಇರುವಾಗ ಬರೆಯುವುದೇಕೆ?

ಒಂದು ಬೇಸಿಗೆಯ ರಜೆಯಲ್ಲಿ ನಾನು ಊರಿಗೆ ಹೋದಾಗ ಅಂಗಡಿಯ ಮುಂದೆ ಅವರೇ ಸುತ್ತಿಕೊಟ್ಟ ಮೂರು ಮೋಟರುಗಳು ಸುಟ್ಟು ಹಿಂದಿರುಗಿ ಬಂದಿದ್ದವು. ಅಂತಹದು ಹಿಂದೆ ನಡೆದಿರಲಿಲ್ಲ. ‘ಈಗಿನ ತಂತಿ ಸರಿಯಿಲ್ಲ’ ಎಂದರು. ದ್ರಾಕ್ಷಿ ತೋಟದ ರೈತರೊಬ್ಬರು ಬಂದು ಏನೂ ಮಾತನಾಡದೆ ಸ್ವಲ್ಪ ಹೊತ್ತು ನಿಂತು ಹೋದರು. ಬೈದಿದ್ದರೆ ವಾಸಿಯಿತ್ತು. ಆ ಮಧ್ಯಾಹ್ನ ನಾನು ಹಳೆಯ ಜಾಗದಲ್ಲಿಯೇ ಕುಳಿತು ಸುತ್ತು ಎಣಿಸುತ್ತಿದ್ದೆ. ತಂದೆಯ ಎಡಗೈಯಲ್ಲಿ ಬಟ್ಟೆಯಿರಲಿಲ್ಲ. ಬರಿಯ ಬೆರಳುಗಳಿಂದ ತಂತಿಯನ್ನು ಹಿಡಿದಿದ್ದರು. ಐವತ್ತೋ ಅರುವತ್ತೋ ಸುತ್ತಾದ ಮೇಲೆ ನೋಡುತ್ತೇನೆ, ಓಡುವ ತಂತಿ ತೋರುಬೆರಳನ್ನು ಗೀರಿ ರಕ್ತ ಮಣಿಕಟ್ಟಿಗೆ ಇಳಿಯುತ್ತಿದೆ; ಅವರು ಹಿಡಿಕೆ ತಿರುಗಿಸುತ್ತಲೇ ಇದ್ದಾರೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ಬೆರಳ ತುದಿಗಳ ಅರಿವನ್ನು ಒಯ್ದಿತ್ತು. ಬಟ್ಟೆಯ ಮೂಲಕ ಬಿಗುವು ತಿಳಿಯುತ್ತಿಲ್ಲವೆಂದು ಬಟ್ಟೆಯನ್ನು ಬಿಟ್ಟಿದ್ದರು. ಬಿಟ್ಟರೂ ತಿಳಿಯುತ್ತಿರಲಿಲ್ಲ.

ಮೋಟರಿನ ತಂತಿ ದಪ್ಪ. ಸುಮಾರು 0.9 ಮಿಲಿಮೀಟರಿನ ತಂತಿಯನ್ನು ಕಡಿಯಬೇಕಾದರೆ ಗಿಟಾರಿನ ತಂತಿಯ ಇನ್ನೂರು ಪಾಲು ಬಲ ಬೇಕು. ಆದ್ದರಿಂದ ಅಲ್ಲಿ ಕಡಿಯುವ ಭಯವಿಲ್ಲ, ಸಡಿಲದ ಭಯ. ಸಡಿಲವಾಗಿ ಸುತ್ತಿದ ಸುರುಳಿಯಲ್ಲಿ ಎಳೆಗಳು ಒಂದರ ಮೇಲೊಂದು ಅಡ್ಡ ಬೀಳುತ್ತವೆ. ಅದನ್ನು ಮೋಟರಿನ ಗಾಡಿಗೆ ಇಳಿಸುವಾಗ ಬಡಿದು ಕೂರಿಸಬೇಕಾಗುತ್ತದೆ, ಎನಾಮೆಲ್ ಗೀರುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ತಂತಿಗಳ ಮೇಲಿನ ಸೆಳೆತ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ವಾರ್ನಿಷ್ ಹಿಡಿದಿಡದ ಸಡಿಲ ಎಳೆಗಳು ಅಷ್ಟು ಬಾರಿ ಒಂದಕ್ಕೊಂದು ಉಜ್ಜಿ ಉಜ್ಜಿ ಒಂದು ದಿನ ಲೇಪ ಸವೆದು ತಾಗುತ್ತವೆ. ಮೋಟರು ಸುಡುತ್ತದೆ. ಈ ವಿವರವೆಲ್ಲ ಅಂದು ನನಗೆ ಗೊತ್ತಿರಲಿಲ್ಲ. ಬೆರಳಿನ ರಕ್ತವನ್ನು ಒರೆಸಿ, ‘ಅಪ್ಪಾ, ತಂತಿಯದಲ್ಲ’ ಎಂದಷ್ಟೇ ಹೇಳಿದೆ. ಮಕ್ಕಳ ತಪ್ಪುಗಳನ್ನು ದಿನಕ್ಕೆ ನೂರು ತಿದ್ದುವ ನನಗೆ ಆ ಮೂರು ಮಾತು ಹೊರಡಿಸಲು ಸಂಜೆಯವರೆಗೆ ಬೇಕಾಯಿತು. ಅವರು ಮರುದಿನ ಮೂರು ಮೋಟರುಗಳನ್ನೂ ಕಂಬದ ಬೇರೊಂದು ಅಂಗಡಿಗೆ ಕಳುಹಿಸಿ, ತಮ್ಮ ಹಣದಿಂದ ಸುತ್ತಿಸಿ, ಮನೆಮನೆಗೆ ಮುಟ್ಟಿಸಿದರು. ಆಮೇಲೆ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಇದಾಗಿ ಮೂರು ವರ್ಷಗಳ ಮೇಲೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕಾಣಲು ಬಂದ. ಸಭೆಯಲ್ಲಿಯೇ ಇದ್ದಾನೆ, ಹೆಸರು ಹೇಳಿದರೆ ಎದ್ದು ಓಡುತ್ತಾನಾದ್ದರಿಂದ ಹೇಳುವುದಿಲ್ಲ. ಐ.ಟಿ.ಐ. ಮುಗಿಸಿ ಬೆಂಗಳೂರಿನಲ್ಲಿ ಗಿಟಾರು ದುರಸ್ತಿಯ ಕೆಲಸಕ್ಕೆ ಸೇರಿದ್ದ. ಪಿಕಪ್ ಸುತ್ತುವುದನ್ನು ತಾನಾಗಿ ಕಲಿಯುತ್ತಿದ್ದ. ಹೊಲಿಗೆ ಯಂತ್ರದ ಮೋಟರಿಗೆ ಬಾಬಿನ್ ಕೂರಿಸಿ, ತಿರುಗುವ ತಟ್ಟೆಗೆ ಒಂದು ಆಯಸ್ಕಾಂತ ಅಂಟಿಸಿ, ಅದು ಹಾದುಹೋದಾಗಲೆಲ್ಲ ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಗುಂಡಿ ತಾನೇ ಒತ್ತಿದಂತಾಗುವ ಹಾಗೆ ಜೋಡಿಸಿದ್ದ. ಮೊದಲು ಒಂದು ಕೂಡಿಸು ಒಂದು ಎಂದು ಒತ್ತಿಟ್ಟರೆ ಸಾಕು, ಸುತ್ತಿಗೊಂದರಂತೆ ಲೆಕ್ಕ ಏರುತ್ತದೆ. ಗಣಿತದಲ್ಲಿ ಎರಡು ಬಾರಿ ಹಿಂದುಳಿದ ಹುಡುಗನ ಗಣಿತ ಇದು! ಎಣಿಕೆ ಸರಿಯಿತ್ತು. ತಂತಿ ಮಾತ್ರ ಮೂರು ಸಾವಿರಕ್ಕೋ ಆರು ಸಾವಿರಕ್ಕೋ ಕಡಿಯುತ್ತಿತ್ತು. ಕಡಿಯದಿರಲೆಂದು ಬಿಟ್ಟು ಹಿಡಿದರೆ ಗಿಟಾರು ಚೀರುತ್ತಿತ್ತು. ಪೊಂಗಲ್ ರಜೆಗೆ ಊರಿಗೆ ಹೊರಟಿದ್ದ ನಾನು, ಯಂತ್ರವನ್ನು ಕಟ್ಟಿಕೊಂಡು ಜೊತೆಗೆ ಬಾ ಎಂದೆ. ತಂದೆಗೆ ಗಿಟಾರು ಎಂದರೇನೆಂದು ತಿಳಿಯದೆಂಬುದು ನನಗೆ ಗೊತ್ತಿತ್ತು. ಅಷ್ಟಾದರೂ ಕರೆದೆ.

ಕಂಬದ ನಂದಗೋಪಾಲನ ತೊಳುವಿನಲ್ಲಿ ಮಾಟು ಪೊಂಗಲ್ಲಿನ ಪೂಜೆ ಮುಗಿಸಿ ಬಂದ ಮರುದಿನ, ಮೂರು ವರ್ಷಗಳಿಂದ ಮುಚ್ಚಿದ್ದ ಅಂಗಡಿಯ ಬಾಗಿಲು ತೆರೆಯಿತು. ಹುಡುಗ ಯಂತ್ರವನ್ನು ಓಡಿಸಿ ತೋರಿಸಿದ. ತಂದೆಗೆ ಆ ತಂತಿ ಕಣ್ಣಿಗೂ ಕಾಣದು, ಬೆರಳಿಗೂ ತಿಳಿಯದು. ಅವರು ನೋಡಿದ್ದು ಬಾಬಿನ್ನನ್ನು. ‘ಅಚ್ಚು ದುಂಡಗಿಲ್ಲವಲ್ಲ’ ಎಂದರು. ಹೌದು, ಗಿಟಾರಿನ ಬಾಬಿನ್ ಉದ್ದುದ್ದ. ತುದಿಯಿಂದ ತುದಿಗೆ ಏಳು ಸೆಂಟಿಮೀಟರಿನ ಹತ್ತಿರ, ಅಗಲ ಒಂದೂಕಾಲರಷ್ಟು. ಮೋಟರಿನ ಅಚ್ಚೂ ಹಾಗೆಯೇ ಉದ್ದುದ್ದ. ದುಂಡನೆಯ ರಾಟೆ ತಂತಿಯನ್ನು ಒಂದೇ ವೇಗದಲ್ಲಿ ಎಳೆದುಕೊಳ್ಳುತ್ತದೆ. ಉದ್ದನೆಯ ಅಚ್ಚು ಹಾಗಲ್ಲ. ಅದರ ತುದಿ ತಂತಿಯನ್ನು ಸೆಳೆಯುವಾಗ ವೇಗ ಬಹಳ ಹೆಚ್ಚು, ಚಪ್ಪಟೆ ಬದಿ ಎದುರಾದಾಗ ಬಹಳ ಕಡಿಮೆ. ಒಂದು ಸುತ್ತಿನಲ್ಲಿ ಎರಡು ಬಾರಿ ಹೀಗೆ ಐದಾರು ಪಟ್ಟು ಏರಿಳಿಯುತ್ತದೆ. ನಿಮಿಷಕ್ಕೆ 600 ಸುತ್ತು ಓಡಿಸಿದರೆ ಸೆಕೆಂಡಿಗೆ 20 ಬಾರಿ. ಕೈಯನ್ನು ಕಲ್ಲಿನಂತೆ ಹಿಡಿದು ಕುಳಿತವನ ತಂತಿ ಆ ಒಂದೊಂದು ಜಗ್ಗಿಗೂ ಹಿಗ್ಗುತ್ತದೆ, ಮರುಕ್ಷಣ ಜೋಲುತ್ತದೆ. ಹುಡುಗನ ಸುರುಳಿಯಲ್ಲಿ ಹೆಚ್ಚಿನ ಬಿಗುವೂ ಸಡಿಲವೂ ಒಟ್ಟಿಗೇ ಇದ್ದವು. ಅವನು ಸರಾಸರಿಯನ್ನು ತಿದ್ದಲು ಹೆಣಗುತ್ತಿದ್ದ, ದೋಷವಿದ್ದದ್ದು ಏರಿಳಿತದಲ್ಲಿ.

‘ಅಚ್ಚು ಎಳೆದಾಗ ಕೊಡು, ಬಿಟ್ಟಾಗ ತಗೋ’ ಎಂದರು ತಂದೆ. ಮಾತು ಸಾಲದೆಂದು, ಹುಡುಗನ ಮಣಿಕಟ್ಟನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡು, ಯಂತ್ರವನ್ನು ನಿಧಾನವಾಗಿ ತಿರುಗಿಸಲು ಹೇಳಿ, ಆ ಕೈಯನ್ನು ಬೆರಳಗಲದಷ್ಟು ಹಿಂದಕ್ಕೂ ಮುಂದಕ್ಕೂ ತೂಗಿಸಿದರು. ಬೆರಳುಗಳು ಸತ್ತಿದ್ದವು, ತೋಳಿಗೆ ಎಲ್ಲವೂ ನೆನಪಿತ್ತು. ನಿಮಿಷಕ್ಕೆ ಅರುವತ್ತು ಸುತ್ತಿನಲ್ಲಿ ಕೈ ಹಾಗೆ ತೂಗುತ್ತದೆ. ವೇಗ ಹೆಚ್ಚಿದಂತೆ ಬೇರೆಯಾಗಿ ತೂಗಿಸಬೇಕಾಗಿಲ್ಲ, ಮಣಿಕಟ್ಟು ಸಡಿಲವಾಗಿದ್ದರೆ ಅದೇ ಸ್ಪ್ರಿಂಗಿನಂತೆ ಕೊಟ್ಟು ತೆಗೆದುಕೊಳ್ಳುತ್ತದೆ. ತಂದೆಗೆ ಹುಡುಗನೂ ಒಂದು ವಿಷಯ ಕಲಿಸಿದ. ಅಂಗಡಿಯಲ್ಲಿ ದಪ್ಪ ತಂತಿಯ ರೀಲು ತಾನೇ ತಿರುಗುತ್ತ ತಂತಿಯನ್ನು ಬಿಡುತ್ತಿತ್ತು. ಕೂದಲಿನಂತಹ ತಂತಿಗೆ ಅದು ನಡೆಯದು. ಭಾರದ ರೀಲನ್ನು ಹೊರಡಿಸುವ ಜಗ್ಗಿಗೇ ಅದು ಕಡಿಯುತ್ತದೆ. ಆದ್ದರಿಂದ ರೀಲನ್ನು ಅಲುಗದಂತೆ ನೆಟ್ಟಗೆ ನಿಲ್ಲಿಸಿ, ತಂತಿಯನ್ನು ಅದರ ತಲೆಯ ಮೇಲಿನಿಂದ ಬಿಚ್ಚಿಕೊಳ್ಳಬೇಕು. ತಂದೆ ಅದನ್ನು ಬಹಳ ಹೊತ್ತು ನೋಡಿ, ‘ನಲವತ್ತು ವರ್ಷ ರೀಲನ್ನು ಸುಮ್ಮನೆ ತಿರುಗಿಸಿದೆನಲ್ಲ’ ಎಂದು ನಕ್ಕರು. ದಪ್ಪ ತಂತಿಗೆ ಅವರ ಕ್ರಮವೇ ಸರಿ ಎಂದು ಹುಡುಗ ಹೇಳಿದರೂ ಒಪ್ಪಲಿಲ್ಲ.

ಬಿಗುವನ್ನು ತೂಗಬಹುದೆಂದು ಗೊತ್ತಾದದ್ದೂ ಅಂದೇ. ತಂತಿ ಎರಡು ಉಣ್ಣೆಯ ಬಿಲ್ಲೆಗಳ ನಡುವೆ ಹಾದುಬರುವಂತೆ ಹುಡುಗ ಒಂದು ತಿರುಪು ಜೋಡಿಸಿದ್ದ. ತಿರುಪು ಬಿಗಿದಷ್ಟೂ ಘರ್ಷಣೆ ಹೆಚ್ಚು. ಎಷ್ಟು ಬಿಗಿಯಬೇಕು? ಅಂಗಡಿಯಲ್ಲಿ ಗ್ರಾಂ ಬೊಟ್ಟುಗಳಿರಲಿಲ್ಲ. ನನ್ನ ಕೈಚೀಲದಲ್ಲಿ ನಾಣ್ಯಗಳಿದ್ದವು. 2011ರಿಂದ ಚಲಾವಣೆಗೆ ಬಂದ ಮಾದರಿಯ 5 ರೂಪಾಯಿ ನಾಣ್ಯದ ತೂಕ ಸರಿಯಾಗಿ 6 ಗ್ರಾಂ. ಬಿಲ್ಲೆಗಳಿಂದ ಹೊರಬಂದ ತಂತಿಯ ತುದಿಯನ್ನು ಕೆಳಕ್ಕೆ ಇಳಿಬಿಟ್ಟು, ಅದಕ್ಕೆ ಮೂರು ನಾಣ್ಯಗಳನ್ನು ಕಾಗದದಲ್ಲಿ ಕಟ್ಟಿ ತೂಗಿಬಿಟ್ಟೆವು. 18 ಗ್ರಾಂ. ನಾಣ್ಯಗಳು ನಿಂತೂ ನಿಲ್ಲದಂತೆ, ಮೆಲ್ಲಗೆ ಕೆಳಗೆ ಜಾರುವವರೆಗೆ ತಿರುಪನ್ನು ಸಡಿಲಿಸಿದೆವು. ಅದೇ 18 ಗ್ರಾಂ ಬಿಗುವು. ನಾಲ್ಕು ನಾಣ್ಯವೆಂದರೆ 24 ಗ್ರಾಂ, ತಾಮ್ರ ಹಿಗ್ಗುವ ಅಂಚು. ತಂದೆ ನಾಣ್ಯಗಳು ಜಾರುವುದನ್ನು ಕಣ್ಣಿನಿಂದ ನೋಡಿದರು. ಬೆರಳು ಕಳೆದುಕೊಂಡದ್ದನ್ನು ಕಣ್ಣಿಗೆ ಯಾರಾದರೂ ತೋರಿಸಬಹುದಿತ್ತು ಎಂದು ಅವರಿಗೂ ನನಗೂ ಒಟ್ಟಿಗೆ ಹೊಳೆದಿರಬೇಕು. ಯಾರೂ ಆಡಲಿಲ್ಲ. ಮೂರು ಮೋಟರುಗಳಿಗೆ ಮೊದಲು ಇದು ತಿಳಿದಿದ್ದರೆ ಎಂದು ನಾನು ಈಗಲೂ ಲೆಕ್ಕ ಹಾಕುತ್ತೇನೆ.

ನಾಣ್ಯ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ನಿಂತ ತಂತಿಯ ಬಿಗುವನ್ನು ತೂಗುತ್ತದೆ. ಓಡುವ ತಂತಿಯ ಜಗ್ಗನ್ನಲ್ಲ. ಮಣಿಕಟ್ಟಿನ ಕೊಡುಕೊಳ್ಳುವಿಕೆಯನ್ನು ಅಂದು ನಾವು ಯಾವ ತಕ್ಕಡಿಗೂ ಹಾಕಲಾಗಲಿಲ್ಲ. ದೊಡ್ಡ ಕಾರ್ಖಾನೆಗಳ ಯಂತ್ರಗಳಲ್ಲಿ ಆ ಕೆಲಸವನ್ನು ಸ್ಪ್ರಿಂಗಿನ ತೋಳೊಂದು ಮಾಡುತ್ತದೆ.

ಅಂದು ಸಂಜೆ 8000 ಸುತ್ತು ಕಡಿಯದೆ ಮುಗಿಯಿತು. ಕೊನೆಯ ಸಾವಿರದಲ್ಲಿ ಅಂಗಡಿಯಲ್ಲಿ ಯಾರೂ ಉಸಿರಾಡಿದಂತಿರಲಿಲ್ಲ. ಮೀಟರಿನಲ್ಲಿ ರೋಧ 6100 ಓಮ್ ತೋರಿಸಿತು. ಬೆಂಗಳೂರಿಗೆ ಬಂದ ರಾತ್ರಿ ಹುಡುಗ ಗಾಬರಿಯಿಂದ ಫೋನು ಮಾಡಿದ: ರೋಧ ಇನ್ನೂರಕ್ಕಿಂತ ಹೆಚ್ಚು ಓಮ್ ಇಳಿದಿದೆ, ಒಳಗೆ ಎಲ್ಲಿಯೋ ಸುತ್ತು ತಾಗಿದೆ! ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಸೆಕೆ ಎಷ್ಟಿತ್ತು, ಇಲ್ಲಿ ಚಳಿ ಎಷ್ಟಿದೆ? ತಾಮ್ರದ ರೋಧ ಒಂದು ಡಿಗ್ರಿಗೆ ನೂರಕ್ಕೆ 0.39ರಷ್ಟು ಏರಿಳಿಯುತ್ತದೆ, ಕಣಿವೆಯ ಮಧ್ಯಾಹ್ನಕ್ಕೂ ಬೆಂಗಳೂರಿನ ಜನವರಿ ರಾತ್ರಿಗೂ ಹತ್ತು ಡಿಗ್ರಿ ಅಂತರವಿದ್ದರೆ ನೂರಕ್ಕೆ ನಾಲ್ಕರಷ್ಟು ಇಳಿಯಲೇಬೇಕು. ಸುರುಳಿಗೆ ಏನೂ ಆಗಿರಲಿಲ್ಲ. ತಂತಿ ಹಿಗ್ಗಿದೆಯೇ ಎಂದು ಓಮ್ ನೋಡಿ ತೀರ್ಮಾನಿಸುವವರು ಪಕ್ಕದಲ್ಲಿ ಉಷ್ಣಮಾಪಕವನ್ನೂ ಇಟ್ಟುಕೊಳ್ಳಬೇಕು.

ತಂದೆ ಈಗಿಲ್ಲ. ಅವರ ಲೆಕ್ಕದ ಪುಸ್ತಕ ನನ್ನಲ್ಲಿದೆ. ಪೊಂಗಲ್ಲಿನ ಆ ದಿನದ ತಾರೀಖಿನಡಿ ಅವರು ಕೊನೆಯ ಸಾಲೊಂದನ್ನು ಬರೆದಿದ್ದಾರೆ: ಸುತ್ತು 8000, ಮೋಟರ್ ಅಲ್ಲ, ನಾಣ್ಯ 3.

ಆ ಹುಡುಗ ತನ್ನ ಹಳೆಯ ಸುತ್ತುಯಂತ್ರವನ್ನು ಶತಮಾನೋತ್ಸವದ ಕಾಣಿಕೆಯಾಗಿ ಶಾಲೆಗೆ ಕೊಟ್ಟಿದ್ದಾನೆ. ಅದು ಪ್ರಯೋಗಾಲಯದ ಕಿಟಕಿಯ ಬಳಿ ಇದೆ. ಎಂಟು ಮತ್ತು ಒಂಬತ್ತನೆಯ ತರಗತಿಯವರು ಶನಿವಾರ ಮಧ್ಯಾಹ್ನ ಬಳಸಬಹುದು. ಕೈ ತೊಳೆದು, ಪೂರ್ತಿ ಒರೆಸಿಕೊಂಡು ಬನ್ನಿ. ಬೆವರಿದ ಬೆರಳಿನಲ್ಲಿ ತಂತಿ ಒಂದೊಮ್ಮೆ ಹಿಡಿಯುತ್ತದೆ, ಒಂದೊಮ್ಮೆ ಜಾರುತ್ತದೆ. ಫ್ಯಾನ್ ಹಾಕಬೇಡಿ. ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇನೆ: ತಾರೀಖು, ಹೆಸರು, ಸುತ್ತು, ನಾಣ್ಯ, ಕೋಣೆಯ ಉಷ್ಣತೆ, ರೋಧ, ಹೀಗೆ ಆರು ಅಂಕಣಗಳು. ತಂತಿ ಕಡಿದರೆ ಯಾರೂ ಬೈಯುವುದಿಲ್ಲ; ಎಷ್ಟನೆಯ ಸುತ್ತಿಗೆ ಕಡಿಯಿತು, ಆಗ ಕೈ ಹೇಗಿತ್ತು ಎಂದು ಕನ್ನಡದಲ್ಲಿ ಬರೆದಿಡಿ. ಇದುವರೆಗೆ ಹನ್ನೊಂದು ಬಾರಿ ಕಡಿದಿದೆ. ಅವುಗಳಲ್ಲಿ ನಾಲ್ಕು ನನ್ನವು.